ಬೈಕ್ ಜಿಪಿಎಸ್, ಬಹುಕಾಲದ ಬಳಕೆಯ ನಂತರ: ಸ್ಕ್ರೀನ್‌ಗಿಂತ ಕಿವಿಯೇ ಮೇಲು

ಬೈಕಿಗೆಂದೇ ಮಾಡಿದ ಜಿಪಿಎಸ್ ತಗೊಂಡು ವರ್ಷಗಳೇ ಆದವು. ಮಳೆ, ಬಿಸಿಲು, ಧೂಳು ಎಲ್ಲ ಕಂಡಿದೆ. ಫೋನಿನಲ್ಲೇ ಮ್ಯಾಪ್ ಪುಕ್ಕಟೆ ಸಿಗುವಾಗ ಇದಕ್ಕೆ ಬೇರೆ ದುಡ್ಡು ಯಾಕೆ ಅಂತ ಕೇಳುವವರೇ ಜಾಸ್ತಿ. ನ್ಯಾಯವಾದ ಪ್ರಶ್ನೆ. ದಿನಾ ಆಫೀಸಿಗೆ ಹೋಗಿ ಬರೋದಷ್ಟೇ ಆದರೆ ಫೋನೇ ಸಾಕು. ದೂರದ ಸವಾರಿ ಮಾಡುವವರಿಗೆ ಮಾತ್ರ ಮುಂದಿನ ಮಾತು.

ಫೋನಿನ ಮೊದಲ ತೊಂದರೆ ಬಿಸಿಲು. ಸ್ಕ್ರೀನ್ ಕಾಣಲಿ ಅಂತ ಬೆಳಕು ಪೂರ್ತಿ ಏರಿಸಿದರೆ ಫೋನ್ ಕಾಯುತ್ತದೆ. ಕಾದ ಫೋನ್ ತಾನೇ ಬೆಳಕು ಇಳಿಸುತ್ತದೆ. ಬೇಕಾದ ತಿರುವಿನಲ್ಲೇ ಕಪ್ಪು ಗಾಜು! ಎರಡನೆಯದು ನಡುಕ. ದೊಡ್ಡ ಎಂಜಿನ್ ಬೈಕಿನ ನಡುಕದಿಂದ ಐಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು. ಜಿಪಿಎಸ್ ಡಬ್ಬಿಗೆ ಕ್ಯಾಮೆರಾನೇ ಇಲ್ಲ, ಹಾಗಾಗಿ ಆ ಚಿಂತೆಯೂ ಇಲ್ಲ.

ಮಳೆಯ ವಿಷಯ ಸ್ವಲ್ಪ ಬೇರೆ. ಡಬ್ಬಿಯ ಮೇಲೆ ಐಪಿಎಕ್ಸ್7 ಅಂತ ಬರೆದಿರುತ್ತದೆ. ಅಂದರೆ ನಿಂತ ನೀರಿನಲ್ಲಿ 1 ಮೀಟರ್ ಆಳದಲ್ಲಿ 30 ನಿಮಿಷ ಇಟ್ಟರೂ ಏನೂ ಆಗಬಾರದು. ಆದರೆ ವೇಗವಾಗಿ ಹೋಗುವಾಗ ಮುಖಕ್ಕೆ ಹೊಡೆಯುವ ಮಳೆ ನಿಂತ ನೀರಲ್ಲ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದೆಯಾ ಅಂತ ಪ್ರತಿ ಸಲ ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತೇನೆ. ಗ್ಲೌಸ್ ಹಾಕಿಕೊಂಡೇ ಸ್ಕ್ರೀನ್ ಒತ್ತಬಹುದು, ಅದು ದೊಡ್ಡ ಸುಖ. ಜೋರು ಮಳೆಯಲ್ಲಿ ಮಾತ್ರ ಹನಿಗಳನ್ನೇ ಬೆರಳು ಅಂದುಕೊಂಡು ಮ್ಯಾಪ್ ಎಲ್ಲೆಲ್ಲಿಗೋ ಜಾರುತ್ತದೆ. ಹೊರಡುವ ಮೊದಲೇ ಸ್ಕ್ರೀನ್ ಲಾಕ್ ಮಾಡಿಬಿಡಿ.

ಇನ್ನು ದನಿ. ಬೈಕಿನ ಜಿಪಿಎಸ್‌ಗಳಲ್ಲಿ ಹಲವಕ್ಕೆ ಸ್ವಂತ ಸ್ಪೀಕರ್ ಇರುವುದಿಲ್ಲ, ನನ್ನದಕ್ಕೂ ಇಲ್ಲ. ಇದ್ದರೂ ಆ ಗಾಳಿಯಲ್ಲಿ ಏನು ಕೇಳೀತು? ಹೆಲ್ಮೆಟ್ ಒಳಗಿನ ಬ್ಲೂಟೂತ್ ಹೆಡ್‌ಸೆಟ್ ಬೇಕೇ ಬೇಕು. ಬರೀ ಸ್ಕ್ರೀನ್ ನೋಡಿಕೊಂಡು ಹೋದರೆ ಆಗಲ್ವಾ ಅಂತ ಕೇಳಬಹುದು. ಲೆಕ್ಕ ಹಾಕಿ: ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಕಣ್ಣು ಕೆಳಗಿಟ್ಟರೆ 33 ಮೀಟರ್ ರಸ್ತೆ ಕುರುಡಾಗಿ ದಾಟಿದ ಹಾಗೆ. ಅಷ್ಟರಲ್ಲಿ ಒಂದು ಗುಂಡಿ ಸಾಕು.

ದನಿ ಚೆನ್ನಾಗಿ ಕೇಳಬೇಕಾದರೆ ಸ್ಪೀಕರ್ ಕೂರಿಸುವ ಜಾಗ ಮುಖ್ಯ. ಕಿವಿಯ ತೂತಿನಿಂದ ಒಂದು ಬೆರಳಷ್ಟು ಕೆಳಗೆ ಕೂತರೂ ವೇಗ ಹೆಚ್ಚಾದಂತೆ ಮಾತು ಮಾಯ. ಬೇರೆ ಸ್ಪೀಕರ್ ಕೊಳ್ಳುವ ಮೊದಲು ಇರುವುದನ್ನೇ ಸರಿಸಿ ನೋಡಿ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ ಒಳಗಿನ ಗಾಳಿ ಸದ್ದು 90 ಡೆಸಿಬೆಲ್ ದಾಟುತ್ತದೆ. ಅದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾ ಹೋದರೆ ಕಿವಿಗೇ ಪೆಟ್ಟು. ನಾನು ಫೋಮ್ ಇಯರ್‌ಪ್ಲಗ್ ಹಾಕುತ್ತೇನೆ. ವಿಚಿತ್ರ ಅನ್ನಿಸಬಹುದು, ಆದರೆ ಪ್ಲಗ್ ಗಾಳಿಯ ಮೊರೆತವನ್ನು ತಗ್ಗಿಸುವುದರಿಂದ ಮಾತು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ಕಿವಿಯೊಳಗೆ ಇಯರ್‌ಫೋನ್ ಹಾಕುವ ಯೋಚನೆ ಇದ್ದರೆ ಮೊದಲು ಕಾನೂನು ನೋಡಿಕೊಳ್ಳಿ. ಫ್ರಾನ್ಸ್‌ನಲ್ಲಿ ಗಾಡಿ ಓಡಿಸುವಾಗ ಅದು 2015ರಿಂದಲೇ ನಿಷಿದ್ಧ, ಹೆಲ್ಮೆಟ್‌ಗೆ ಕೂರಿಸಿದ ಸ್ಪೀಕರ್‌ಗೆ ಅಡ್ಡಿಯಿಲ್ಲ.

ಒಂದು ಕಿರಿಕಿರಿ ಇವತ್ತಿಗೂ ಹೋಗಿಲ್ಲ. ಸುಮ್ಮನಿದ್ದ ಬ್ಲೂಟೂತ್ ಎಚ್ಚರವಾಗುವಷ್ಟರಲ್ಲಿ ಮೊದಲ ಪದ ನುಂಗಿಹೋಗುತ್ತದೆ. 'ಇನ್ನೂರು ಮೀಟರ್‌ನಲ್ಲಿ ಎಡಕ್ಕೆ' ಅನ್ನುವುದು '...ಮೀಟರ್‌ನಲ್ಲಿ ಎಡಕ್ಕೆ' ಅಂತ ಕೇಳುತ್ತದೆ. ಎಷ್ಟು ಮೀಟರ್ ಮಾರಾಯ? ಸಣ್ಣಗೆ ಹಾಡು ಓಡುತ್ತಿದ್ದರೆ ಈ ತೊಂದರೆ ಇಲ್ಲ, ಸಂಪರ್ಕ ಸದಾ ತೆರೆದೇ ಇರುತ್ತದೆ. ಹಾಗಾಗಿ ಊರೊಳಗೆ ಹಾಡು ಹಾಕಿಯೇ ಹೋಗುತ್ತೇನೆ, ಕೇಳುವುದಕ್ಕಲ್ಲ.

ಉದ್ದದ ನೇರ ರಸ್ತೆಯಲ್ಲಿ ದನಿ ಬಂದ್. ಗಂಟೆಗಟ್ಟಲೆ ಹೇಳಲು ಏನೂ ಇಲ್ಲದಾಗ ಅದು ಬಾಯಿ ಮುಚ್ಚಿದ್ದರೇ ಚೆಂದ. ಫ್ಲೈಓವರ್ ಬಂದಾಗ ಮಾತ್ರ ದನಿಯನ್ನಷ್ಟೇ ನಂಬಬೇಡಿ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದು ಸಹಜ, ಎತ್ತರದ ಅಂದಾಜು ಇನ್ನೂ ಸಡಿಲ. ನೀವು ಮೇಲಿದ್ದೀರೋ ಕೆಳಗಿನ ಸರ್ವಿಸ್ ರಸ್ತೆಯಲ್ಲಿದ್ದೀರೋ ಅದಕ್ಕೆ ಖಾತ್ರಿಯಿಲ್ಲ. ಕವಲಿಗೆ ಮೊದಲೇ ಲೇನ್ ಚಿತ್ರ ಒಮ್ಮೆ ನೋಡಿಕೊಂಡು ಮುಂದೆ ಬೋರ್ಡ್ ಓದುವುದು ವಾಸಿ.

ಬೆಳಿಗ್ಗೆ ಆನ್ ಮಾಡಿದ ತಕ್ಷಣ ಜಾಗ ತೋರಿಸಲ್ಲ ಅಂತ ಕೆಲವರು ಬೈಯುತ್ತಾರೆ. ಉಪಗ್ರಹ ತನ್ನ ಕಕ್ಷೆಯ ಮಾಹಿತಿಯನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಕಳಿಸುತ್ತದೆ, 30 ಸೆಕೆಂಡಿಗೊಮ್ಮೆ ಮತ್ತೆ ಶುರು ಮಾಡುತ್ತದೆ. ಫೋನ್ ಅದನ್ನು ನೆಟ್‌ವರ್ಕಿನಿಂದ ಥಟ್ ಅಂತ ತರಿಸಿಕೊಳ್ಳುತ್ತದೆ, ಡಬ್ಬಿ ಆಕಾಶದಿಂದಲೇ ಕೇಳಬೇಕು. ಆನ್ ಮಾಡಿ, ಆಮೇಲೆ ಜಾಕೆಟ್ ಹಾಕಿಕೊಳ್ಳಿ. ನೆಟ್‌ವರ್ಕ್ ಇಲ್ಲದ ಬೆಟ್ಟದಲ್ಲಿ ಇದೇ ಡಬ್ಬಿ ಆರಾಮಾಗಿ ದಾರಿ ಹೇಳುತ್ತದೆ, ಮ್ಯಾಪ್ ಒಳಗೇ ಇದೆಯಲ್ಲ.

ಕೊನೆಯ ದೂರು ಮೌಂಟ್ ಮೇಲೆ, ಅಂದರೆ ಡಬ್ಬಿಯನ್ನು ಬೈಕಿಗೆ ಕೂರಿಸುವ ಹಿಡಿಕೆಯ ಮೇಲೆ. ಕರೆಂಟ್ ಕೊಡುವ ಪುಟ್ಟ ಸ್ಪ್ರಿಂಗ್ ಪಿನ್‌ಗಳಲ್ಲಿ ಒಂದು ಧೂಳು ತುಂಬಿ ಒಳಗೇ ಸಿಕ್ಕಿಕೊಂಡಿತು. ಓಡುತ್ತಾ ಓಡುತ್ತಾ ಚಾರ್ಜ್ ನಿಲ್ಲುತ್ತಿತ್ತು. ಸರ್ವಿಸ್‌ನವರು ಬೈಕಿನ ವೈರಿಂಗ್ ಸರಿಯಿಲ್ಲ ಅಂದರು. ಫ್ಯೂಸ್ ಹಾಕಿ, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಹಾಗೆ ಮಾಡಿದ ವೈರಿಂಗ್ ಅದು. ಕರೆಂಟ್ ಅಳೆಯುವ ಮೀಟರ್ ಹಿಡಿದು ವೈರಿಂಗ್ ಸರಿಯಿದೆ ಅಂತ ತೋರಿಸಿದ ಮೇಲೆ ಮೌಂಟ್ ಬದಲಿಸಿ ಕೊಟ್ಟರು, ಅದೂ ಗೊಣಗುತ್ತಲೇ. ಈಗ ಒಣ ಬ್ರಷ್‌ನಲ್ಲಿ ಆಗಾಗ ಪಿನ್ ಉಜ್ಜುತ್ತಿರುತ್ತೇನೆ.

ಹೆಡ್‌ಸೆಟ್ ಜೊತೆಗಿದ್ದರೆ ಐದಕ್ಕೆ ನಾಲ್ಕು ಸ್ಟಾರ್. ಇಲ್ಲದಿದ್ದರೆ ಮೂರು, ಅದೂ ಮಳೆ ತಡೆದಿದ್ದಕ್ಕೆ.