ಡೊಮೇನ್ ಹೆಸರನ್ನು ಚಿಲ್ಲರೆ ಕಾಸಿಗೆ ಕೇಳುವವರಿಗೆ ಉತ್ತರ ಬರೆಯುವ ಮುನ್ನ

ಡೊಮೇನ್ ಹೆಸರುಗಳನ್ನು, ಅಂದರೆ ಜಾಲತಾಣಗಳ ವಿಳಾಸಗಳನ್ನು, ಮಾರಾಟಕ್ಕೆ ಇಟ್ಟಿರುವವರಿಗೆ ಅತಿ ಕಡಿಮೆ ಬೆಲೆಯ ಕೇಳಿಕೆಗಳು ಹೊಸದೇನಲ್ಲ. ಲಕ್ಷ ಬಾಳುವ ಹೆಸರನ್ನು ಸಾವಿರಕ್ಕೆ ಕೇಳುವವರಲ್ಲಿ ಹೆಚ್ಚಿನವರು ಕೈಯಲ್ಲಿ ಹಣವಿಲ್ಲದವರು ಅಥವಾ ಈ ವ್ಯಾಪಾರದ ಪರಿಚಯವಿಲ್ಲದವರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಖರೀದಿಸುವ ಉದ್ದೇಶವೇ ಇಲ್ಲದೆ, ನಮ್ಮಿಂದ ಲಿಖಿತವಾಗಿ ಒಂದು ದೊಡ್ಡ ಮೊತ್ತವನ್ನು ಹೇಳಿಸಿ, ಮುಂದೆ ಅದನ್ನೇ ನಮ್ಮ ವಿರುದ್ಧ ಸಾಕ್ಷ್ಯವಾಗಿ ಬಳಸುವವರೂ ಇದ್ದಾರೆ. ಅಂಥವರೊಂದಿಗೆ ನನಗಾದ ಅನುಭವವನ್ನು, ಹೆಸರು ಮಾರುವ ಇತರ ಕನ್ನಡಿಗರಿಗೆ ಗೊತ್ತಿರಲೆಂದು, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಒಂದು ತಿಂಡಿಯ ಹೆಸರಿಗೆ 'ಮನೆ' ಎಂಬ ಪದ ಸೇರಿಸಿದ ಡಾಟ್ ಕಾಮ್ ಹೆಸರೊಂದನ್ನು ನಾನು 2014ರಲ್ಲಿ ಅಡುಗೆ ಜಾಲತಾಣಕ್ಕೆಂದು ನೋಂದಾಯಿಸಿದ್ದೆ. ಆ ಕೆಲಸ ಮುಂದುವರಿಯದ ಕಾರಣ ಅದನ್ನು ಮಾರಾಟಕ್ಕಿಟ್ಟೆ. ಮೊದಲು ಬಂದ ಇಮೇಲಿನಲ್ಲಿ ಒಬ್ಬರು ತಾವು ವಿದ್ಯಾರ್ಥಿಯೆಂದೂ, ಕಾಲೇಜಿನ ಪ್ರಾಜೆಕ್ಟಿಗೆ ಹೆಸರು ಬೇಕೆಂದೂ ಹೇಳಿಕೊಂಡು ಒಂದೂವರೆ ಸಾವಿರ ರೂಪಾಯಿ ಕೊಡುವುದಾಗಿ ಬರೆದಿದ್ದರು. ಆಗುವುದಿಲ್ಲವೆಂದು ತಿಳಿಸಿದೆ. ಬಳಿಕ ಬೇರೊಂದು ವಿಳಾಸದಿಂದ ಎರಡೂವರೆ ಸಾವಿರದ ಕೇಳಿಕೆ ಬಂತು. ಅದಕ್ಕೂ ಅದೇ ಉತ್ತರ. ಆಗ ಅವರು, 'ಸರ್, ನಿಮ್ಮ ಕೊನೆಯ ಬೆಲೆ ಎಷ್ಟೆಂದು ಒಂದೇ ಸಾಲಿನಲ್ಲಿ ತಿಳಿಸಿಬಿಡಿ, ಮತ್ತೆ ತೊಂದರೆ ಕೊಡುವುದಿಲ್ಲ' ಎಂದು ಬರೆದರು. ಎರಡು ಲಕ್ಷಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ನಾನು ಉತ್ತರಿಸಿದೆ. ಅಲ್ಲಿಗೆ ಆ ಕಡೆಯಿಂದ ಮಾತು ನಿಂತಿತು.

ಮುಂದೆ ಬಂದದ್ದು ಪೊಟ್ಟಣದ ತಿಂಡಿ ತಯಾರಿಸುವ ಒಂದು ಕಂಪನಿಯ ಪರವಾಗಿ ವಕೀಲರು ಕಳಿಸಿದ ನೋಟಿಸು. ಈ ಹೆಸರು ತಮ್ಮ ಕಕ್ಷಿದಾರರ ಟ್ರೇಡ್‌ಮಾರ್ಕ್ (ವ್ಯಾಪಾರಚಿಹ್ನೆ) ಆಗಿದೆ, ನಾನು ಅದನ್ನು ಹಣ ಕೀಳುವುದಕ್ಕಾಗಿಯೇ ಹಿಡಿದಿಟ್ಟುಕೊಂಡಿದ್ದೇನೆ, ಆದ್ದರಿಂದ ಹದಿನೈದು ದಿನಗಳಲ್ಲಿ ಉಚಿತವಾಗಿ ವರ್ಗಾಯಿಸಬೇಕು ಎಂಬುದು ಅದರ ಸಾರ. ಆಧಾರವಾಗಿ ಲಗತ್ತಿಸಿದ್ದು ಎರಡು ಲಕ್ಷದ ಬಗ್ಗೆ ನಾನು ಬರೆದ ಆ ಒಂದೇ ಸಾಲು. ಅದಕ್ಕೆ ಮೊದಲು ಬಂದ 'ವಿದ್ಯಾರ್ಥಿ'ಯ ಪತ್ರವಾಗಲಿ, ಬೆಲೆ ಹೇಳಿ ಎಂದು ಅವರೇ ಒತ್ತಾಯಿಸಿದ ಪತ್ರವಾಗಲಿ ಅಲ್ಲಿರಲಿಲ್ಲ.

ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ಹುಡುಕಬಹುದು. ಅಲ್ಲಿ ನೋಡಿದಾಗ, ಕಂಪನಿಯ ಅರ್ಜಿಯ ದಿನಾಂಕ ನನಗೆ ಮೊದಲ ಇಮೇಲ್ ಬಂದ ನಂತರದ್ದಾಗಿತ್ತು; ಅರ್ಜಿಯ ಸ್ಥಿತಿ 'ಆಬ್ಜೆಕ್ಟೆಡ್', ಅಂದರೆ ಕಚೇರಿಯ ಆಕ್ಷೇಪಣೆಗೆ ಒಳಗಾಗಿದೆ, ಎಂದಿತ್ತು; ಬಳಕೆ ಯಾವಾಗಿನಿಂದ ಎಂಬ ಕಡೆ 'ಪ್ರಪೋಸ್ಡ್ ಟು ಬಿ ಯೂಸ್ಡ್' (ಮುಂದೆ ಬಳಸುವ ಉದ್ದೇಶವಿದೆ) ಎಂದು ನಮೂದಾಗಿತ್ತು. ಅಂದರೆ ಅರ್ಜಿ ಹಾಕಿದ ದಿನ ಆ ಹೆಸರಿನಲ್ಲಿ ಒಂದು ಪೊಟ್ಟಣವೂ ಮಾರುಕಟ್ಟೆಗೆ ಬಂದಿರಲಿಲ್ಲವೆಂದು ಅವರೇ ಒಪ್ಪಿಕೊಂಡಂತಾಗಿತ್ತು. ಹೀಗಿದ್ದೂ ನೋಟಿಸಿನಲ್ಲಿ ಹೆಸರಿನ ಪಕ್ಕದಲ್ಲಿ ನೋಂದಾಯಿತವೆಂದು ಸೂಚಿಸುವ, ವೃತ್ತದೊಳಗಿನ ಆರ್ ಗುರುತನ್ನು ಹಾಕಿದ್ದರು. ನೋಂದಣಿಯಾಗದ ಗುರುತನ್ನು ನೋಂದಾಯಿತವೆಂದು ತೋರಿಸುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಆಧಾರವಿಲ್ಲದ ಇಂಥ ಬೆದರಿಕೆಗಳಿಗೆ 142ನೇ ಸೆಕ್ಷನ್‌ನಲ್ಲಿ ಪರಿಹಾರವೂ ಇದೆ.

ಒಂದು ಸಾಲಿನ ಇಮೇಲಿಗೆ ಇಷ್ಟು ತೂಕ ಬರುವುದಕ್ಕೆ ಕಾರಣ ಇದು. ಡಾಟ್ ಕಾಮ್ ಹೆಸರುಗಳ ಜಗಳಗಳು ಜಗತ್ತಿನ ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ಅಂಗೀಕರಿಸಿದ ಯುಡಿಆರ್‌ಪಿ ಎಂಬ ವಿವಾದ ಪರಿಹಾರ ನಿಯಮಾವಳಿಯಂತೆ ತೀರ್ಮಾನವಾಗುತ್ತವೆ. ಟ್ರೇಡ್‌ಮಾರ್ಕ್ ಒಡೆಯರಿಗೆ ಅಥವಾ ಅವರ ಪ್ರತಿಸ್ಪರ್ಧಿಗೆ ಖರ್ಚಿಗಿಂತ ಹೆಚ್ಚಿನ ಬೆಲೆಗೆ ಮಾರುವುದೇ ಮುಖ್ಯ ಉದ್ದೇಶವಾಗಿ ಹೆಸರನ್ನು ನೋಂದಾಯಿಸಿದ್ದರೆ ಅದು ದುರುದ್ದೇಶಕ್ಕೆ ಸಾಕ್ಷ್ಯ ಎಂದು ಅದು ಹೇಳುತ್ತದೆ. ಬೆಲೆ ಹೇಳಿದ ಮಾತ್ರಕ್ಕೆ ಯಾರೂ ತಪ್ಪಿತಸ್ಥರಾಗುವುದಿಲ್ಲ. ದುರುದ್ದೇಶದಿಂದ ನೋಂದಾಯಿಸಿದ್ದೂ ಬಳಸಿದ್ದೂ ಎರಡೂ ಸಾಬೀತಾಗಬೇಕು, ಮತ್ತು ಟ್ರೇಡ್‌ಮಾರ್ಕ್ ಹುಟ್ಟುವ ಮೊದಲೇ ನೋಂದಣಿಯಾದ ಹೆಸರಿನ ವಿಷಯದಲ್ಲಿ ಇದು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಕೊಳ್ಳಲಾಗದ ಹೆಸರನ್ನು ದೂರಿನ ಮೂಲಕ ಕಿತ್ತುಕೊಳ್ಳಲು ಯತ್ನಿಸುವುದನ್ನು ತೀರ್ಪುಗಾರರು 'ರಿವರ್ಸ್ ಡೊಮೇನ್ ನೇಮ್ ಹೈಜಾಕಿಂಗ್' ಎಂದು ದಾಖಲಿಸಲೂಬಹುದು. ಆದರೆ ಆ ನಿಯಮಾವಳಿಯಲ್ಲಿ ಹಣದ ಪರಿಹಾರವಿಲ್ಲ. ಗೆದ್ದವರಿಗೆ ಉಳಿಯುವುದು ಅವರದೇ ಆಗಿದ್ದ ಹೆಸರು ಮಾತ್ರ, ವಕೀಲರ ಶುಲ್ಕ ಕೈಯಿಂದಲೇ ಹೋಗುತ್ತದೆ.

ನನ್ನ ವಿಷಯದಲ್ಲಿ ಹಾಗೆಯೇ ಆಯಿತು. ದಿನಾಂಕಗಳನ್ನೆಲ್ಲ ಜೋಡಿಸಿ ವಕೀಲರ ಮೂಲಕ ಉತ್ತರ ಕಳಿಸಿದ ಮೇಲೆ ಕಂಪನಿಯಿಂದ ಮತ್ತೊಂದು ಪತ್ರ ಬರಲಿಲ್ಲ. ಅಷ್ಟರೊಳಗೆ ಮೈಸೂರಿನ ಒಂದು ಹೋಟೆಲಿನವರು, ಅದೇ ಹೆಸರಿಗೆ ನ್ಯಾಯವಾದ ಬೆಲೆ ಕೊಡಲು ಒಪ್ಪಿದ್ದವರು, ನೋಟಿಸಿನ ವಿಷಯ ತಿಳಿಸಿದ ಕೂಡಲೇ ಹಿಂದೆ ಸರಿದರು. ವಿವಾದದ ಹೆಸರು ತಮಗೆ ಬೇಡವೆಂದ ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಡಾಟ್ ಇನ್ ಹೆಸರು ಹೊಂದಿರುವವರು ಇನ್ನೂ ಜಾಗ್ರತೆಯಿಂದಿರಬೇಕು. ಅವುಗಳಿಗೆ, ಡಾಟ್ ಇನ್ ಹೆಸರುಗಳನ್ನು ನಿರ್ವಹಿಸುವ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ ಎಂಬ ವಿವಾದ ಪರಿಹಾರ ನಿಯಮಾವಳಿ ಅನ್ವಯಿಸುತ್ತದೆ. ಅದರಲ್ಲಿ ನೋಂದಣಿ ಅಥವಾ ಬಳಕೆ, ಎರಡರಲ್ಲಿ ಒಂದು ದುರುದ್ದೇಶದ್ದೆಂದು ತೋರಿಸಿದರೂ ಸಾಕು. ಆದ್ದರಿಂದ ಹಳೆಯ ನೋಂದಣಿಯೊಂದನ್ನೇ ನೆಚ್ಚಿಕೊಂಡು ಕುಳಿತುಕೊಳ್ಳುವಂತಿಲ್ಲ. ಡೊಮೇನ್ ಹೆಸರಿಗೂ ವ್ಯಾಪಾರಚಿಹ್ನೆಯಂತೆ ಕಾನೂನಿನ ರಕ್ಷಣೆಯಿದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ ಸತ್ಯಂ ಇನ್ಫೋವೇ ಪ್ರಕರಣ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲೇ. ಬೇರೆಯವರ ಪ್ರಸಿದ್ಧ ಹೆಸರನ್ನು ನಿಜಕ್ಕೂ ಹಿಡಿದಿಟ್ಟುಕೊಂಡವರಿಗೆ ಆ ತೀರ್ಪಿನ ಮುಂದೆ ಉಳಿಗಾಲವಿಲ್ಲ, ಇರಲೂಬಾರದು. ನಾನು ಹೇಳುತ್ತಿರುವುದು ಆಡುಮಾತಿನ ಪದಗಳನ್ನು ಪ್ರಾಮಾಣಿಕವಾಗಿ ನೋಂದಾಯಿಸಿದವರ ಕಷ್ಟ.

ಈಗ ಕಡಿಮೆ ಬೆಲೆಯ ಕೇಳಿಕೆ ಬಂದರೆ, ಕೇಳುತ್ತಿರುವವರು ಯಾರು, ಯಾವ ಸಂಸ್ಥೆಯ ಪರವಾಗಿ ಎಂಬುದು ತಿಳಿಯುವವರೆಗೆ ನಾನು ಯಾವ ಅಂಕಿಯನ್ನೂ ಬರೆಯುವುದಿಲ್ಲ. ಕಳಿಸುವ ಉತ್ತರ ಇಷ್ಟೇ: 'ಈ ಹೆಸರನ್ನು ಅದರ ಸಾಮಾನ್ಯ ಅರ್ಥಕ್ಕಾಗಿ 2014ರಲ್ಲಿ ನೋಂದಾಯಿಸಿದ್ದೇನೆ. ನೀವು ಸೂಚಿಸಿದ ಮೊತ್ತಕ್ಕೆ ಮಾರುವ ಉದ್ದೇಶವಿಲ್ಲ. ಖರೀದಿಸುವವರ ಹೆಸರು ಮತ್ತು ಉದ್ದೇಶ ತಿಳಿಸಿದರೆ ಮುಂದೆ ಮಾತಾಡಬಹುದು.' ನಿಜವಾದ ಗಿರಾಕಿ ಇದಕ್ಕೆ ಬೇಸರಪಟ್ಟಿದ್ದನ್ನು ಕಂಡಿಲ್ಲ. ಸಿಟ್ಟಿನಿಂದ, 'ನಿಮ್ಮಂಥ ಕಂಪನಿಗೆ ಈ ಹೆಸರಿಲ್ಲದೆ ಆಗುವುದಿಲ್ಲ, ಐದು ಲಕ್ಷ ತನ್ನಿ' ಎಂಬ ಧಾಟಿಯಲ್ಲಿ ಬರೆಯುವುದು ಎದುರಾಳಿಗೆ ತಾವೇ ಆಯುಧ ಕೊಟ್ಟಂತೆ. ಬಂದ ಪ್ರತಿ ಇಮೇಲನ್ನೂ ಹೆಡರ್ (ಅದು ಎಲ್ಲಿಂದ, ಯಾವಾಗ ಬಂತೆಂಬ ವಿವರ) ಸಮೇತ ಉಳಿಸಿಕೊಳ್ಳಿ, ನವೀಕರಣದ ರಸೀದಿಗಳನ್ನು ಮೊದಲ ವರ್ಷದಿಂದ ಇಟ್ಟುಕೊಳ್ಳಿ.

ಬಳಸದ ಹೆಸರಿನ ಪುಟದಲ್ಲಿ ತಾನೇ ಮೂಡುವ ಜಾಹೀರಾತುಗಳ ಮೇಲೂ ಕಣ್ಣಿರಲಿ. ನನ್ನ ಪುಟದಲ್ಲಿ ಪೊಟ್ಟಣದ ತಿಂಡಿಗಳ ಜಾಹೀರಾತು ಕಾಣಿಸಿಕೊಂಡಿದ್ದರೆ, ಅದನ್ನು ಹೆಸರು ನೋಂದಾಯಿಸಿಕೊಟ್ಟ ಸಂಸ್ಥೆ (ರಿಜಿಸ್ಟ್ರಾರ್) ಹಾಕಿದ್ದು ಎಂಬ ಸಮಜಾಯಿಷಿ ನಡೆಯುತ್ತಿರಲಿಲ್ಲ, ಹೊಣೆ ಹೆಸರಿನ ಒಡೆಯನದೇ ಆಗುತ್ತಿತ್ತು. ನೋಟಿಸು ಬಂದ ಮೇಲೆ ಪುಟವನ್ನು ಬದಲಿಸಿದರೂ ಹಳೆಯ ಪುಟದ ಚಿತ್ರ ಅಂತರಜಾಲದ ಸಂಗ್ರಹದಲ್ಲಿ ಸಿಗಬಹುದು. ಹಾಗಾಗಿ ಮಾರಾಟಕ್ಕಿಟ್ಟ ದಿನವೇ ಅಂಥ ಜಾಹೀರಾತುಗಳನ್ನು ನಿಲ್ಲಿಸಿ, ಖಾಲಿ ಪುಟವನ್ನೋ ನಿಮ್ಮದೇ ಬರಹದ ಒಂದು ಪುಟವನ್ನೋ ಹಾಕಿಡಿ.