ಗುಂಡಿನ ಬರಗಾಲಕ್ಕೆ ಮ್ಯಾಂಟಿಸ್ ಎಕ್ಸ್10: ಇದು ಬೇಕೆ, ಲೇಸರ್ ಕಾಟ್ರಿಜ್ ಸಾಕೆ?

ಅಮೆರಿಕದಲ್ಲಿ 9 ಎಂಎಂ ಗುಂಡಿನ 50ರ ಬಾಕ್ಸಿಗೆ ಒಂಬತ್ತು-ಹತ್ತು ಡಾಲರ್ ಕೊಟ್ಟು ರೂಢಿಯಾಗಿದ್ದವರು 2020-21ರಲ್ಲಿ ಅದೇ ಬಾಕ್ಸಿಗೆ ಮೂವತ್ತು, ಕೆಲವೆಡೆ ನಲವತ್ತು ಡಾಲರ್ ಎಣಿಸಿದರು. ಮಾಲು ಬಂದ ದಿನವೂ ತಲೆಗೊಂದೋ ಎರಡೋ ಬಾಕ್ಸ್ ಎಂಬ ಮಿತಿ. 2020ರಲ್ಲಿ ಎಫ್‌ಬಿಐ ವ್ಯವಸ್ಥೆಯಲ್ಲಿ ನಡೆದ ಬಂದೂಕು ಸಂಬಂಧದ ಹಿನ್ನೆಲೆ ಪರಿಶೀಲನೆಗಳು 3.97 ಕೋಟಿ. ಅಷ್ಟೂ ಮಾರಾಟವಲ್ಲ, ಆದರೂ ಬೇಡಿಕೆ ಯಾವ ಕಡೆ ಓಡುತ್ತಿತ್ತು ಎಂಬುದು ಅದರಿಂದಲೇ ತಿಳಿಯುತ್ತದೆ. ಅದೇ ವರ್ಷ ಜುಲೈನಲ್ಲಿ ಬಂದೂಕು ಕಂಪನಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು. ಅರ್ಕಾನ್ಸಾದ ಲೋನೋಕ್‌ನಲ್ಲಿದ್ದ ಅದರ ಗುಂಡಿನ ಕಾರ್ಖಾನೆಯನ್ನು ವಿಸ್ಟಾ ಔಟ್‌ಡೋರ್ ಎಂಬ ಕಂಪನಿ ಕೊಂಡು ಮತ್ತೆ ಚಾಲೂ ಮಾಡಬೇಕಾಯಿತು. ಅದಕ್ಕೂ ಮುಂಚೆ, 2013ರ ಸುಮಾರಿಗೆ .22 ಗುಂಡಿಗೂ ಇದೇ ಗತಿ ಬಂದಿತ್ತು. ಇಂಥ ಬರ ಮತ್ತೆ ಬರುವುದಿಲ್ಲ ಎನ್ನಲು ಕಾರಣವೇನೂ ಕಾಣದು.

ಗುಂಡು ಹಾರಿಸದೆ ಟ್ರಿಗರ್ ಎಳೆದು ಕೈ ಪಳಗಿಸುವ ಡ್ರೈ ಫೈರ್‌ಗೆ ನೆರವಾಗುವ ಸಾಧನಗಳಲ್ಲಿ ಮ್ಯಾಂಟಿಸ್ ಎಕ್ಸ್10 ಹೆಸರು ಹೆಚ್ಚು ಕೇಳಿಬರುತ್ತದೆ. ಬೆಲೆ 250 ಡಾಲರ್ ಆಸುಪಾಸು. ಗುಂಡೊಂದಕ್ಕೆ 60 ಸೆಂಟ್ ಇದ್ದಾಗ ಇದು ನಾನೂರು ಗುಂಡಿನ ದುಡ್ಡು. 20 ಸೆಂಟ್ ಇದ್ದಾಗ ಸಾವಿರದಿನ್ನೂರೈವತ್ತು ಗುಂಡಿನ ದುಡ್ಡು. ಅಂದರೆ ಬರಗಾಲದಲ್ಲಿ ಇದು ಅಗ್ಗ, ಸುಭಿಕ್ಷದಲ್ಲಿ ಚರ್ಚೆಗೆ ಬಿಟ್ಟದ್ದು. ಮೊದಲೇ ಹೇಳಿಬಿಡುವುದಾದರೆ: ಗುರಿ ತಪ್ಪುತ್ತಿರುವುದು ಏಕೆ ಎಂದು ಗೊತ್ತಿಲ್ಲದವರಿಗೆ ಇದು ಬೇಕು. ಏಕೆ ಎಂದು ಗೊತ್ತಿದ್ದು ಅಭ್ಯಾಸ ಮಾತ್ರ ಸಾಲದವರಿಗೆ ಗುಂಡಿನ ಜಾಗದಲ್ಲಿ ಕೂರಿಸುವ, ಇಪ್ಪತ್ತು-ನಲವತ್ತು ಡಾಲರಿನ ಲೇಸರ್ ಕಾಟ್ರಿಜ್ ಸಾಕು.

ಎಕ್ಸ್10 ಬೆಂಕಿಪೆಟ್ಟಿಗೆ ಗಾತ್ರದ ಸೆನ್ಸರ್. ಪಿಸ್ತೂಲಿನ ನಳಿಗೆಯ ಕೆಳಗೆ ಟಾರ್ಚ್ ಕೂರಿಸುವ ರೈಲಿಗೆ ಇದನ್ನು ಬಿಗಿಯಬೇಕು. ರೈಲು ಇಲ್ಲದ ಪಿಸ್ತೂಲಿಗೆ ಮ್ಯಾಗಜೀನಿನ ತಳಕ್ಕೆ ಹಾಕುವ ಅಡಾಪ್ಟರ್ ಸಿಗುತ್ತದೆ. ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿ, ಬಲಗೈಯೋ ಎಡಗೈಯೋ, ನಿಜಗುಂಡೋ ಡ್ರೈಯೋ ಸಿಒ2 ಅನಿಲದ ಪಿಸ್ತೂಲೋ ಎಂದು ಆಪ್‌ಗೆ ತಿಳಿಸಬೇಕು. ಕೈ ಯಾವುದೆಂದು ತಪ್ಪು ಹೇಳಿದರೆ ಅದು ಕೊಡುವ ರೋಗನಿರ್ಣಯವೆಲ್ಲ ತಿರುಗುಮುರುಗು. ಸ್ಟ್ರೈಕರ್ (ಗುಂಡಿನ ಹಿಂಬದಿಗೆ ಬಡಿಯುವ ಒಳಭಾಗ) ಬಿದ್ದಾಗಿನ ಅದುರುವಿಕೆಯನ್ನು ಸೆನ್ಸರ್ ಗುರುತಿಸಿ, ಅದಕ್ಕೆ ತುಸು ಮುಂಚೆ ನಳಿಗೆ ಎತ್ತ ಅಲುಗಿತು ಎಂಬುದನ್ನು ಗೆರೆಯಾಗಿ ತೋರಿಸಿ, ನೂರಕ್ಕೆ ಇಷ್ಟು ಎಂದು ಅಂಕ ಹಾಕುತ್ತದೆ. ನೋಡಬೇಕಾದ್ದು ಅಂಕವನ್ನಲ್ಲ, ಗೆರೆಯ ಬಣ್ಣವನ್ನು. ನೀಲಿ ಎಂದರೆ ಗುರಿ ಹಿಡಿದು ನಿಂತ ಹೊತ್ತು, ಹಳದಿ ಎಂದರೆ ಟ್ರಿಗರ್ ಒತ್ತಿದ ಹೊತ್ತು. ನೀಲಿ ಗಂಟುಗಂಟಾಗಿದ್ದರೂ ಚಿಂತೆಯಿಲ್ಲ, ಯಾರ ಕೈಯೂ ಕಲ್ಲಲ್ಲ. ಹಳದಿ ಗೆರೆ ಉದ್ದವಾಗಿ ಒಂದೇ ದಿಕ್ಕಿಗೆ ಎಳೆದುಕೊಂಡು ಹೋಗಿದ್ದರೆ ಕಾಯಿಲೆ ಅಲ್ಲಿದೆ. ಬಲಗೈಯವರಿಗೆ ಅದು ಕೆಳಗೆ-ಎಡಕ್ಕೆ ಹೋಗುವುದೇ ಹೆಚ್ಚು: ಬೆರಳೊಂದೇ ಎಳೆಯುವ ಬದಲು ಇಡೀ ಮುಷ್ಟಿ ಬಿಗಿಯುತ್ತಿದೆ, ಇಲ್ಲವೇ ಹಿಂದೊದೆತ ಬರುತ್ತದೆಂದು ಮಣಿಕಟ್ಟು ಮೊದಲೇ ಕುಸಿಯುತ್ತಿದೆ.

ಈ ಸಾಧನದ ದೊಡ್ಡ ಕುರುಡು ಯಾವುದು ಎಂಬುದನ್ನು ಜಾಹೀರಾತು ಜೋರಾಗಿ ಹೇಳುವುದಿಲ್ಲ. ಪಿಸ್ತೂಲು ಎತ್ತ ಗುರಿ ಮಾಡಿತ್ತು ಎಂಬುದು ಇದಕ್ಕೆ ಗೊತ್ತೇ ಇಲ್ಲ. ಗೊತ್ತಿರುವುದು ಅಲುಗಾಟ ಮಾತ್ರ. ಮೂಲೆಯ ಕುರ್ಚಿಗೆ ಗುರಿಯಿಟ್ಟು ನಯವಾಗಿ ಟ್ರಿಗರ್ ಎಳೆದರೂ 95 ಅಂಕ ಬಂದೀತು. ಬೆಂಗಳೂರಿನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಆಡಿ ಸ್ಕ್ಯಾಟ್ ಎಂಬ ಅಭ್ಯಾಸದ ಸಾಧನ ನೋಡಿದವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ: ಸ್ಕ್ಯಾಟ್ ಟಾರ್ಗೆಟ್ಟನ್ನೇ ನೋಡುತ್ತ ಗುರಿಯ ಜಾಡು ಬಿಡಿಸುತ್ತದೆ, ಎಕ್ಸ್10 ಕಣ್ಣು ಮುಚ್ಚಿಕೊಂಡು ಕೈ ಮುಟ್ಟಿ ನೋಡುತ್ತದೆ. ಇನ್ನೊಂದು ತೊಡಕು, ರೈಲಿನಲ್ಲಿ ಇದು ಇದ್ದರೆ ಪಿಸ್ತೂಲು ಮಾಮೂಲಿ ಹೋಲ್‌ಸ್ಟರಿಗೆ ಹೋಗುವುದಿಲ್ಲ. ರೈಲಿಗೆ ಬಿಗಿದದ್ದು ಸಡಿಲವಾಗಿದ್ದರೆ ಸೆನ್ಸರ್ ತಾನೇ ಅಲ್ಲಾಡಿ ಅಂಕ ಹಾಳಾಗುತ್ತದೆ. ಅಂಕ ಕಾರಣವಿಲ್ಲದೆ ಕುಸಿದರೆ ಮೊದಲು ಸ್ಕ್ರೂ ಮುಟ್ಟಿ ನೋಡಿ.

ಲೇಸರ್ ಕಾಟ್ರಿಜ್ ಇದರ ಉಲ್ಟಾ. ಗುಂಡಿನ ಆಕಾರದ ಲೋಹದ ಕೊಳವೆ, ಒಳಗೆ ಗುಂಡಿ ಸೆಲ್‌ಗಳು, ಹಿಂದೆ ಪ್ರೈಮರ್ (ಪಿನ್ ಬಡಿದಾಗ ಮದ್ದಿಗೆ ಕಿಡಿ ಹಚ್ಚುವ ಭಾಗ) ಇರುವ ಜಾಗದಲ್ಲಿ ರಬ್ಬರ್ ಗುಂಡಿ. ಫೈರಿಂಗ್ ಪಿನ್ ಅದಕ್ಕೆ ಬಡಿದ ಕ್ಷಣಕ್ಕೆ ಗೋಡೆಯ ಮೇಲೆ ಚುಕ್ಕೆ ಮಿನುಗುತ್ತದೆ. ಎಲ್ಲಿ ಬಿತ್ತು ಎಂಬುದು ಗೊತ್ತಾಗುತ್ತದೆ, ಏಕೆ ಎಂಬುದಿಲ್ಲ. ಅಗ್ಗದವುಗಳಲ್ಲಿ ಕಿರಣ ಕೊಳವೆಯ ನಡುಗೆರೆಗೆ ಸರಿಯಾಗಿ ಕೂತಿರುವುದಿಲ್ಲ. ಪರೀಕ್ಷೆ ಸುಲಭ: ಪಿಸ್ತೂಲನ್ನು ಮರಳುಚೀಲದ ಮೇಲೆ ಊರಿ ಒಂದು ಚುಕ್ಕೆ ಗುರುತಿಸಿ, ಕಾಟ್ರಿಜ್ಜನ್ನು ಕಾಲು ಸುತ್ತು ತಿರುಗಿಸಿ ಮತ್ತೆ, ಹೀಗೆ ನಾಲ್ಕು ಸಲ. ಐದು ಮೀಟರಿನಲ್ಲಿ ನಾಲ್ಕೂ ಚುಕ್ಕೆ ಒಂದು ನಾಣ್ಯದೊಳಗೆ ಬೀಳದಿದ್ದರೆ ವಾಪಸ್ ಕಳಿಸಿ. ಚುಕ್ಕೆ ಮಂಕಾದರೆ ಸೆಲ್, ಕೆಲವೊಮ್ಮೆ ಹೊತ್ತಿ ಕೆಲವೊಮ್ಮೆ ಹೊತ್ತದಿದ್ದರೆ ಹಿಂದಿನ ಮುಚ್ಚಳದ ತಿರುಪು ಸಡಿಲ ಅಥವಾ ರಬ್ಬರ್ ಸವೆದಿದೆ. ನಳಿಗೆಯ ತುದಿಯಿಂದ ತೂರಿಸುವ ಬಗೆಯನ್ನು ಮಾತ್ರ ಕೊಳ್ಳಬೇಡಿ. ಅದನ್ನು ತೆಗೆಯಲು ಮರೆತು ನಿಜಗುಂಡು ಹಾರಿಸಿದರೆ ನಳಿಗೆ ಸೀಳಬಹುದು. ಚೇಂಬರಿನಲ್ಲಿ (ನಳಿಗೆಯ ಹಿಂಬದಿಯಲ್ಲಿ ಗುಂಡು ಕೂರುವ ಗೂಡು) ಕೂರುವ ಕಾಟ್ರಿಜ್ ಇರುವಾಗ ನಿಜಗುಂಡು ಒಳಗೆ ಹೋಗುವುದೇ ಇಲ್ಲ.

ಮನೆಯೊಳಗೆ ಹತ್ತು ಗಜ ಇಲ್ಲದಿದ್ದರೆ ಟಾರ್ಗೆಟ್ ಕುಗ್ಗಿಸಿ. ಹತ್ತು ಅಡಿ ದೂರಕ್ಕೆ ಮೂರನೇ ಒಂದು ಅಳತೆ ಸಾಕು, ಎಂಟು ಇಂಚಿನ ವೃತ್ತ ಸುಮಾರು ಎರಡೂಮುಕ್ಕಾಲು ಇಂಚಾಗುತ್ತದೆ.

ಎರಡೂ ಸಾಧನಗಳಿಗೆ ಅಂಟಿದ ಒಂದು ಮಿತಿ ಗ್ಲಾಕ್‌ನಂಥ ಸ್ಟ್ರೈಕರ್ ಪಿಸ್ತೂಲಿನದು. ಒಮ್ಮೆ ಟ್ರಿಗರ್ ಎಳೆದ ಮೇಲೆ ಅದು ಸತ್ತಂತೆ. ಸ್ಲೈಡನ್ನು (ಪಿಸ್ತೂಲಿನ ಮೇಲ್ಗಡೆ ಹಿಂದೆ-ಮುಂದೆ ಜಾರುವ ಭಾಗ) ಅರ್ಧ ಇಂಚು ಹಿಂದೆಳೆದು ಬಿಟ್ಟರೇ ಮತ್ತೆ ಜೀವ. ಪ್ರತಿ ಸಲ ಕೈ ಸಡಿಲಿಸಿ ಹಿಡಿತ ಹೊಸದಾಗಿ ಕಟ್ಟಬೇಕು. ಹಾಗಾಗಿ ಡ್ರೈ ಫೈರ್ ಮೊದಲ ಗುಂಡನ್ನು ಚೆನ್ನಾಗಿ ಕಲಿಸುತ್ತದೆ, ಎರಡನೆಯದನ್ನು ಕಲಿಸುವುದೇ ಇಲ್ಲ. ಹ್ಯಾಮರ್ ಇರುವ ಸಿಝಡ್ 75, ಬೆರೆಟ್ಟಾ 92 ಇದ್ದವರಿಗೆ ಟ್ರಿಗರ್ ಎಳೆತವೇ ಹ್ಯಾಮರನ್ನು ಎತ್ತಿ ಬೀಳಿಸುವ ಡಬಲ್ ಆ್ಯಕ್ಷನ್‌ನಲ್ಲಿ ಈ ಕಾಟವಿಲ್ಲ. .22 ಪಿಸ್ತೂಲಿದ್ದರೆ ಜೋಪಾನ: ಗುಂಡಿನ ಅಂಚಿಗೆ ಬಡಿಯುವ ರಿಮ್‌ಫೈರ್‌ನ ಪಿನ್ ಖಾಲಿ ಚೇಂಬರಿನ ಅಂಚಿಗೆ ಬಡಿದು ಅಂಚು ಜಜ್ಜಿಹೋಗಬಹುದು. ಕೈಪಿಡಿ ಸರಿ ಎನ್ನದೆ ಒತ್ತಬೇಡಿ.

ಅಭ್ಯಾಸದ ಕೋಣೆಯಲ್ಲಿ ನಿಜಗುಂಡು ಒಂದೂ ಇರಬಾರದು. ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿ, ಚೇಂಬರನ್ನು ಕಣ್ಣಿಂದ ನೋಡಿ, ಕಿರುಬೆರಳು ತೂರಿಸಿಯೂ ನೋಡಿ. ಗುರಿಯ ಹಿಂದೆ ಗುಂಡು ತಡೆಯುವ ಗೋಡೆಯಿರಲಿ. ಅಮೆರಿಕದ ಜಿಪ್ಸಮ್ ಹಲಗೆಯ ಗೋಡೆ ಗುಂಡಿಗೆ ಕಾಗದವೇ ಸೈ. ಮುಗಿಸಿ ಗುಂಡು ತುಂಬಿದ ಮೇಲೆ ‘ಇನ್ನೊಂದೇ ಸಲ’ ಎನ್ನುವ ಚಪಲದಲ್ಲೇ ಅನಾಹುತಗಳಾಗುವುದು. ರಕ್ಷಣೆಗೆಂದು ತುಂಬಿಡುವ ಪಿಸ್ತೂಲನ್ನು ದಿನಾ ಖಾಲಿ ಮಾಡಿ ಅದೇ ಗುಂಡನ್ನು ಮತ್ತೆ ಮತ್ತೆ ಚೇಂಬರಿಗೆ ಹಾಕಿದರೆ ಬುಲೆಟ್ ಒಳಕ್ಕೆ ಸರಿದು ಒತ್ತಡ ಏರುತ್ತದೆ. ಹೊಸ ಗುಂಡಿನ ಪಕ್ಕ ನಿಲ್ಲಿಸಿ ಉದ್ದ ಹೋಲಿಸಿ, ಗಿಡ್ಡವಾಗಿದ್ದರೆ ಹಾರಿಸಬೇಡಿ.

ಹಿಂದೊದೆತ ಎಂಬುದು ನಿಜಗುಂಡಿಗೆ ಮಾತ್ರ ಗೊತ್ತು. ಆದ್ದರಿಂದ ರೇಂಜಿಗೆ ಒಂದೇ ಬಾಕ್ಸ್ ಒಯ್ದರೂ ಪೋಲು ಮಾಡದೆ ಖರ್ಚು ಮಾಡಬೇಕು. ಮೊದಲ ಐದು ಗುಂಡು ಏಳು ಗಜದಲ್ಲಿ, ಯಾವ ಪೂರ್ವಾಭ್ಯಾಸವೂ ಇಲ್ಲದೆ. ಮನೆಯ ಅಭ್ಯಾಸ ಎಷ್ಟು ಇಳಿದಿದೆ ಎಂಬುದಕ್ಕೆ ಅವೇ ಲೆಕ್ಕಪತ್ರ. ನಂತರದ ಇಪ್ಪತ್ತನ್ನು ಏಳೆಂಟು ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಸುಳ್ಳುಗುಂಡು) ಜೊತೆ ಬೆರೆಸಿ, ಬೇರೆಯವರ ಕೈಯಲ್ಲಿ ಮ್ಯಾಗಜೀನ್ ತುಂಬಿಸಿ. ಸುಳ್ಳುಗುಂಡಿನ ಮೇಲೆ ಪಿನ್ ಬಿದ್ದಾಗ ನಳಿಗೆಯ ಮೂತಿ ತಗ್ಗಿದರೆ ಅಂಜಿಕೆ ಇನ್ನೂ ಹೋಗಿಲ್ಲ. ಉಳಿದವು ಎರಡೆರಡಾಗಿ, ಡ್ರೈ ಫೈರ್ ಕಲಿಸದ ಆ ಎರಡನೆಯ ಗುಂಡಿಗೆ. ಎಕ್ಸ್10 ನಿಜಗುಂಡಿನಲ್ಲೂ ಕೆಲಸ ಮಾಡುತ್ತ ಒದೆತ ಎಷ್ಟೆತ್ತರ ಹೋಯಿತು, ಎಷ್ಟು ಬೇಗ ಮರಳಿತು ಎಂದು ತೋರಿಸುತ್ತದೆ. ಅದಿಲ್ಲದ ಅಗ್ಗದ ಮಾದರಿ ಬಿಟ್ಟು ಇದನ್ನೇ ಕೊಳ್ಳಲು ನನಗೆ ಕಾಣುವ ಕಾರಣ ಇದೊಂದೇ.

ಮನೆಯಲ್ಲೇ ಗುಂಡು ತುಂಬಿಕೊಂಡರೆ ಬರ ಗೆಲ್ಲಬಹುದು ಎನ್ನುವವರಿದ್ದಾರೆ. ಖಾಲಿ ಕೋಶ ಹೆಕ್ಕಿಕೊಳ್ಳಬಹುದು, ಮದ್ದು ಒಂದು ಪೌಂಡ್ ಕೊಂಡರೆ ಬಹುಕಾಲ ಬರುತ್ತದೆ. ಆದರೆ ಪ್ರೈಮರ್ ಮಾಡುವ ದೊಡ್ಡ ಅಮೆರಿಕನ್ ಕಂಪನಿಗಳು ಬೆರಳೆಣಿಕೆಯಷ್ಟು, ಅವರೇ ಗುಂಡೂ ಮಾಡುವವರು. ಬರ ಬಂದಾಗ ಪ್ರೈಮರ್ ಮೊದಲು ಅವರ ಸ್ವಂತ ಯಂತ್ರಗಳಿಗೆ ಹೋಗುತ್ತದೆ.

ಕೊನೆಗೆ, ಅಮೆರಿಕದಲ್ಲಿರುವ ನಮ್ಮವರಲ್ಲಿ ಬಹಳ ಮಂದಿಗೆ ಸಂಬಂಧಿಸಿದ್ದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದಿರುವುದು ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಆದವರಿಗೆ ಈ ನಿಷೇಧವಿಲ್ಲ. ಹಸಿರು ಕಾರ್ಡಿನ ಸರದಿಯಲ್ಲಿ ನಿಂತಿರುವವರು ಸಿಒ2 ಏರ್‌ಸಾಫ್ಟ್ ಪಿಸ್ತೂಲಿನ ರೈಲಿಗೆ ಎಕ್ಸ್10 ಬಿಗಿದುಕೊಳ್ಳಬಹುದು. ಏರ್‌ಸಾಫ್ಟ್ ಬಗ್ಗೆ ರಾಜ್ಯ, ನಗರಗಳ ನಿಯಮ ಬೇರೆ ಬೇರೆ, ಮೊದಲು ನೋಡಿಕೊಳ್ಳಿ. ಬ್ಲೋಬ್ಯಾಕ್ ಇರುವುದನ್ನೇ ಆರಿಸಿದರೆ ಸ್ಲೈಡ್ ತಾನೇ ಹಿಂದೆ ಹೋಗಿ ಟ್ರಿಗರ್ ಸಜ್ಜಾಗುತ್ತದೆ, ಅರ್ಧ ಇಂಚು ಎಳೆಯುವ ಕೆಲಸ ತಪ್ಪುತ್ತದೆ.