ಸಾಫ್ಟ್‌ಬಾಲ್ ಫೀಲ್ಡಿಂಗ್ ಮಾಸ್ಕ್: ಹಲವು ಸೀಸನ್‌ಗಳ ಬಳಕೆಯ ನಂತರ

ನ್ಯೂಜೆರ್ಸಿಯಲ್ಲಿ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ (ಬೇಸ್‌ಬಾಲ್‌ನಂಥದೇ, ಚೆಂಡನ್ನು ತೋಳಿನ ಕೆಳಗಿನಿಂದ ವೇಗವಾಗಿ ಎಸೆಯುವ ಆಟ) ಆಡುವ ನನ್ನ ಮಗಳು ಹತ್ತು ವರ್ಷದೊಳಗಿನವರ ತಂಡದಲ್ಲಿದ್ದಾಗಿನಿಂದ ಇಂದಿನ ಹದಿನಾಲ್ಕರೊಳಗಿನವರ ತಂಡದವರೆಗೂ ಉಕ್ಕಿನ ಸರಳುಗಳ ಮಾಸ್ಕ್ ಧರಿಸಿಯೇ ಪಿಚ್ ಮಾಡುತ್ತಿದ್ದಾಳೆ, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುತ್ತಿದ್ದಾಳೆ. ಉಳಿದ ಇನ್ನಿಂಗ್ಸ್‌ಗಳಲ್ಲಿ ಮೂರನೇ ಬೇಸ್ (ಓಟಗಾರ್ತಿ ಮುಟ್ಟಬೇಕಾದ ಮೂರನೇ ನಿಲುಗಡೆ) ಕಾಯುತ್ತಾಳೆ. ನಮ್ಮ ಲೀಗ್ ಬ್ಯಾಟರ್‌ಗೆ ಮುಖಜಾಲರಿಯಿರುವ ಹೆಲ್ಮೆಟನ್ನು ಕಡ್ಡಾಯ ಮಾಡಿದೆಯಾದರೂ ಫೀಲ್ಡರ್ ಮಾಸ್ಕನ್ನು ಮನೆಯವರ ಆಯ್ಕೆಗೆ ಬಿಟ್ಟಿರುವುದರಿಂದ, ಅದು ಬೇಕೇ ಬೇಡವೇ ಎಂಬ ವಾದ ಪ್ರತಿ ಸೀಸನ್‌ನಲ್ಲೂ ಪೋಷಕರ ನಡುವೆ ಏಳುತ್ತದೆ. ಪಿಚರ್‌ಗೂ, ಮೊದಲ ಮತ್ತು ಮೂರನೇ ಬೇಸ್‌ನ ಆಟಗಾರ್ತಿಯರಿಗೂ ಅದು ಕಡ್ಡಾಯವಾಗಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಪಿಚಿಂಗ್ ಅಂತರ (ಪಿಚರ್ ನಿಲ್ಲುವಲ್ಲಿಂದ ಬ್ಯಾಟರ್ ಬಳಿಯ ಹೋಮ್ ಪ್ಲೇಟ್‌ವರೆಗಿನ ದೂರ) ಹತ್ತರೊಳಗಿನವರಿಗೆ 35 ಅಡಿ, ಹನ್ನೆರಡರೊಳಗಿನವರಿಗೆ 40, ಹದಿನಾಲ್ಕರೊಳಗಿನವರಿಗೆ 43. ಚೆಂಡು ಬಿಡುವ ಹೊತ್ತಿಗೆ ಪಿಚರ್ ಒಂದು ದೊಡ್ಡ ಹೆಜ್ಜೆ ಮುಂದೆ ಬಂದಿರುತ್ತಾಳೆ. ಗಂಟೆಗೆ 60 ಮೈಲಿ ವೇಗದಲ್ಲಿ ಬ್ಯಾಟಿನಿಂದ ನೇರ ಮರಳುವ ಚೆಂಡು ಉಳಿದ ದೂರವನ್ನು ಅರ್ಧ ಸೆಕೆಂಡಿಗೂ ಮೊದಲೇ ದಾಟುತ್ತದೆ. ಹನ್ನೆರಡರೊಳಗಿನವರ ತಂಡದಿಂದ ಮೇಲಕ್ಕೆ ಬಳಸುವ 12 ಇಂಚು ಸುತ್ತಳತೆಯ ಚೆಂಡು ಕ್ರಿಕೆಟ್ ಚೆಂಡಿಗಿಂತ ಭಾರ. ತೂಕ ಸುಮಾರು 180ರಿಂದ 200 ಗ್ರಾಂ. ಗ್ಲೌವ್ ಹಿಡಿಯುವುದನ್ನು ಸರಿಯಾಗಿ ಕಲಿತವಳಿಗೆ ಮಾಸ್ಕ್ ಬೇಕಿಲ್ಲ ಎನ್ನುವ ಕೋಚ್‌ಗಳ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಬಂಟ್ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲನೆ ತಟ್ಟುವುದು) ನಿರೀಕ್ಷಿಸಿ ಮುಂದೆ ನುಗ್ಗಿದ ಹುಡುಗಿಯತ್ತ, ಮಣ್ಣಿನ ಹೆಂಟೆಗೆ ತಾಗಿ ದಿಕ್ಕು ಬದಲಿಸಿ ಮುಖಕ್ಕೆ ಪುಟಿಯುವ ಚೆಂಡಿಗೆ ಎಷ್ಟು ಕಲಿತಿದ್ದರೂ ಸಾಲದು. ನಮ್ಮ ಹಿಂದಿನ ಮಾಸ್ಕಿನ ಎಡಗೆನ್ನೆಯ ಸರಳು ಅಂಥದೇ ಒಂದು ಹೊಡೆತಕ್ಕೆ ಒಳಕ್ಕೆ ಬಾಗಿ, ಬಣ್ಣ ಚಕ್ಕೆಯೆದ್ದಿತ್ತು. ಮಗಳು ಮಾತ್ರ ಚೆಂಡನ್ನೆತ್ತಿ ಮೊದಲ ಬೇಸ್‌ಗೆ ಎಸೆದಳು. ಬಾಗಿದ ಸರಳನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬಾರದಾದ್ದರಿಂದ ಹೊಸದು ಕೊಂಡೆವು.

ಮಾಸ್ಕ್ ನೋಟಕ್ಕೆ ಅಡ್ಡ ಬರುತ್ತದೆ ಎಂಬ ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿದೆ. ಕಾಲಬುಡದ ಚೆಂಡನ್ನು ನೋಡುವಾಗ ಕೆಳಗಿನ ಸರಳು ಮೊದಮೊದಲು ತೊಡಕೆನಿಸಿತು. ಕಣ್ಣಿನ ಜೊತೆಗೆ ತಲೆಯನ್ನೂ ಬಗ್ಗಿಸುವುದು ರೂಢಿಯಾದ ಮೇಲೆ ಆ ದೂರು ನಿಂತಿತು. ಗಾತ್ರ ಸರಿಯಿರುವುದು ಬಹಳ ಮುಖ್ಯ: ಮಗು ಬೆಳೆದರೂ ಚಿಕ್ಕ ಮಾಸ್ಕನ್ನೇ ಮುಂದುವರಿಸಿದರೆ ಗದ್ದದ ಪ್ಯಾಡ್ ಸರಿಯಾದ ಜಾಗದಲ್ಲಿ ಕೂರದೆ ಸರಳು ಕಣ್ಣೆದುರಿಗೇ ಬರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ಕಿನ ಮಾಸ್ಕನ್ನೂ ಸ್ವಲ್ಪ ಕಾಲ ಬಳಸಿದೆವು. ಅದು ಹಗುರ, ಆದರೆ ಜುಲೈ ಸೆಕೆಯಲ್ಲಿ ಅದರ ಒಳಮೈಗೆ ಬೆವರಿನ ಹನಿ ಕೂತು ನೋಟ ಮಸುಕಾಗುತ್ತಿತ್ತು. ಉಕ್ಕಿನದರಲ್ಲಿ ಗಾಳಿಯಾಡುತ್ತದೆ, ಪ್ಯಾಡ್‌ಗಳು ಮಾತ್ರ ಬೆವರು ಹೀರಿ ಬೇಗ ನಾರುವುದರಿಂದ, ವಾರಕ್ಕೊಮ್ಮೆ ಬಿಡಿಸಿ ಸೋಪುನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು.

ದೊಡ್ಡ ಕೊರತೆಯೆಂದರೆ, ಇದು ಮುಖವನ್ನು ಕಾಯುತ್ತದೆಯೇ ಹೊರತು ತಲೆಯನ್ನಲ್ಲ. ಕಿವಿಯ ಮೇಲಿನ ಭಾಗ ಬಯಲಾಗಿಯೇ ಉಳಿಯುತ್ತದೆ. 1998ರಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ಭಾರತದ ಕ್ರಿಕೆಟಿಗ ರಮಣ್ ಲಾಂಬಾ ಚೆಂಡು ತಲೆಗೆ ಬಡಿದು ತೀರಿಕೊಂಡದ್ದನ್ನು ಕೇಳಿ ಬೆಳೆದ ನಮ್ಮಂಥವರು ಈ ಕೊರತೆಯನ್ನು ಹಗುರವಾಗಿ ಕಾಣಲಾರೆವು. ತಯಾರಕರು ಇತ್ತ ಗಮನ ಹರಿಸಲಿ. ಅಲ್ಲಿಯವರೆಗೆ, ಇರುವುದನ್ನೇ ಕೊಳ್ಳುವವರು ಪಂದ್ಯಕ್ಕೆಂದು ಎತ್ತಿಡದೆ, ಮೊದಲ ದಿನದ ಅಭ್ಯಾಸದಿಂದಲೇ ಮಕ್ಕಳಿಗೆ ಹಾಕಿಸಿ.